ಪ್ರೊ. ಸಿ.ಆರ್. ನಾರಾಯಣ ರಾವ್ (1882–1960): ಕಾಲೇಜಿನ ಜೀವಿ ಮಾದರಿಗಳ ಸಂಗ್ರಹ ಮತ್ತು ಅದರ ದಾಖಲೆ

ಪೀಠಿಕೆ

ಕರ್ನಾಟಕದಲ್ಲಿ ಪ್ರಾಣಿಶಾಸ್ತ್ರದ ವ್ಯವಸ್ಥಿತ ಬೋಧನೆ ಹಾಗೂ ಸಂಶೋಧನೆಗೆ ಅಡಿಪಾಯ ಹಾಕಿದವರಲ್ಲಿ ಪ್ರೊ. ಸಿ.ಆರ್. ನಾರಾಯಣ ರಾವ್ ಅವರು ಅಗ್ರಗಣ್ಯರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದ ಶ್ರೀಯುತರು, ದಕ್ಷಿಣ ಭಾರತದ ಸಿಹಿನೀರಿನ ಮೀನುಗಳನ್ನು ಹಾಗೂ ಕಪ್ಪೆಗಳನ್ನು ಅಧ್ಯಯನ ಮಾಡಿ ಅನೇಕ ಹೊಸ ಪ್ರಭೇದಗಳನ್ನು ವಿಜ್ಞಾನ ಲೋಕಕ್ಕೆ ಪರಿಚಯಿಸಿದರು. ಕರೆಂಟ್ ಸೈನ್ಸ್ ಎಂಬ ಪ್ರಸಿದ್ಧ ವಿಜ್ಞಾನ ಪತ್ರಿಕೆಯ ಮೊದಲ ಸಂಪಾದಕರೂ ಅವರೇ.

ಶ್ರೀಯುತರ ಜೀವನ ಚರಿತ್ರೆಯಲ್ಲಿ ಒಂದು ಸಾಧನೆಯೂ ಒಂದು ನಷ್ಟವೂ ಜೊತೆಜೊತೆಯಾಗಿ ಕಂಡುಬರುತ್ತವೆ. ಅವರು ವರ್ಣಿಸಿದ ಪ್ರಾಣಿಗಳ ಹೆಸರುಗಳು ಇಂದಿಗೂ ವಿಜ್ಞಾನದ ಪುಸ್ತಕಗಳಲ್ಲಿ ಉಳಿದಿವೆ. ಆದರೆ ಆ ಹೆಸರುಗಳ ಪೈಕಿ ಹಲವಕ್ಕೆ ಆಧಾರವಾಗಿ ಕಾಲೇಜಿನಲ್ಲಿ ಇರಿಸಿದ್ದ ಮೂಲ ಮಾದರಿಗಳು ಉಳಿಯಲಿಲ್ಲ. ಕಾಲೇಜಿನ ಕಪಾಟಿನಲ್ಲಿರುವ ಒಂದು ಗಾಜಿನ ಜಾಡಿ, ಅದರ ಮೇಲಿನ ಚೀಟಿ ಮತ್ತು ವಹಿಯಲ್ಲಿನ ಒಂದು ಸಾಲು ಎಷ್ಟು ಬೆಲೆಯುಳ್ಳವು ಎಂಬುದನ್ನು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮ್ಮ ರಾಜ್ಯದಲ್ಲಿ ದೊರೆಯುವುದು ಕಷ್ಟ. ಆದ್ದರಿಂದ ಅವರ ಜೀವನವನ್ನು ಮಾದರಿಗಳ ಸಂಗ್ರಹ ಮತ್ತು ದಾಖಲೆಯ ವಿಷಯದೊಂದಿಗೆ ಸೇರಿಸಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ನಾರಾಯಣ ರಾವ್ ಅವರು 1882ರಲ್ಲಿ ಕೊಯಮತ್ತೂರಿನಲ್ಲಿ ಜನಿಸಿದರು. ಬಳ್ಳಾರಿಯಲ್ಲಿ ವಿದ್ಯಾಭ್ಯಾಸ ಮಾಡಿ, ಬಳಿಕ ಉನ್ನತ ಶಿಕ್ಷಣಕ್ಕಾಗಿ ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು. ಅಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಹೆಂಡರ್ಸನ್ ಅವರ ಮಾರ್ಗದರ್ಶನ ಅವರಿಗೆ ದೊರೆಯಿತು. ಏಡಿ, ಸೀಗಡಿ ಮೊದಲಾದ ಚಿಪ್ಪುಜೀವಿಗಳ ತಜ್ಞರಾಗಿದ್ದ ಹೆಂಡರ್ಸನ್ ಅವರು ಮುಂದೆ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥರಾದರು. ಪ್ರಾಣಿಯನ್ನು ಪುಸ್ತಕದಲ್ಲಿ ಓದುವುದಷ್ಟೇ ಅಲ್ಲ, ಕೈಯಲ್ಲಿ ಹಿಡಿದು ಅಳೆದು, ಎಣಿಸಿ, ಬರೆದಿಡಬೇಕೆಂಬ ಕ್ರಮದಲ್ಲಿ ನುರಿತ ಗುರುಗಳವರು.

ಸ್ನಾತಕೋತ್ತರ ಪದವಿ ಪಡೆದ ತರುವಾಯ ನಾರಾಯಣ ರಾವ್ ಅವರು ಶಿಕ್ಷಕ ತರಬೇತಿಯನ್ನೂ ಪೂರೈಸಿ, ಕೊಯಮತ್ತೂರು ಮತ್ತು ಎರ್ನಾಕುಲಂಗಳಲ್ಲಿ ಅಧ್ಯಾಪಕರಾಗಿ ಸೇವೆ ಸಲ್ಲಿಸಿದರು. ಅನಂತರ ಬೆಂಗಳೂರಿಗೆ ಬಂದು ಸೆಂಟ್ರಲ್ ಕಾಲೇಜನ್ನು ಸೇರಿದರು.

ಸೆಂಟ್ರಲ್ ಕಾಲೇಜಿನಲ್ಲಿ ಸೇವೆ

1858ರಲ್ಲಿ ಪ್ರೌಢಶಾಲೆಯಾಗಿ ಆರಂಭವಾದ ಸಂಸ್ಥೆಯೇ 1875ರಲ್ಲಿ ಸೆಂಟ್ರಲ್ ಕಾಲೇಜು ಎನಿಸಿತು. ಮೊದಲು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಈ ಕಾಲೇಜು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಅದರ ವಿಜ್ಞಾನ ಬೋಧನೆಯ ಮುಖ್ಯ ಕೇಂದ್ರವಾಯಿತು. ಇಲ್ಲಿ ನಾರಾಯಣ ರಾವ್ ಅವರು ಪ್ರಾಣಿಶಾಸ್ತ್ರ ವಿಭಾಗವನ್ನು ಸ್ಥಾಪಿಸಿ, 1937ರಲ್ಲಿ ನಿವೃತ್ತರಾಗುವವರೆಗೂ ಅದರ ಮುಖ್ಯಸ್ಥರಾಗಿದ್ದರು.

ಆ ಕಾಲದಲ್ಲಿ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟುವುದೆಂದರೆ ಪಾಠದ ಕೊಠಡಿ ಮತ್ತು ಸೂಕ್ಷ್ಮದರ್ಶಕಗಳನ್ನು ಒದಗಿಸಿಕೊಂಡರೆ ಮುಗಿಯುತ್ತಿರಲಿಲ್ಲ. ಬೋಧನೆಗೂ ಹೋಲಿಕೆಗೂ ಬೇಕಾದ ಪ್ರಾಣಿಗಳ ಮಾದರಿಗಳನ್ನು ಹೊಳೆ, ಕೆರೆ, ಕಾಡುಗಳಿಂದ ತಂದು, ಕೆಡದಂತೆ ದ್ರಾವಣದಲ್ಲಿರಿಸಿ, ಗುರುತಿಸಿ, ಪಟ್ಟಿ ಮಾಡಬೇಕಾಗಿತ್ತು. ಮೈಸೂರು ಸಂಸ್ಥಾನದ ಜಲಚರಗಳ ಕುರಿತು ಆಗ ಲಭ್ಯವಿದ್ದ ಮುಖ್ಯ ಗ್ರಂಥವೆಂದರೆ ಫ್ರಾನ್ಸಿಸ್ ಡೇ ಅವರು 1875ರಿಂದ 1878ರ ಅವಧಿಯಲ್ಲಿ ಪ್ರಕಟಿಸಿದ ಭಾರತದ ಮೀನುಗಳ ಬೃಹತ್ ಸಂಪುಟ. ಅದರಲ್ಲಿನ ವಿವರಣೆಗಳನ್ನು ಮೂಲ ಮೀನಿನೊಡನೆ ತಾಳೆ ನೋಡಬೇಕಾದರೆ ದೂರದೇಶಗಳಿಗೆ ಹೋಗಬೇಕಾಗಿತ್ತು. ಏಕೆಂದರೆ ಡೇ ಅವರು ಸಂಗ್ರಹಿಸಿದ ಮೀನುಗಳು ಕಲ್ಕತ್ತಾ, ಲಂಡನ್ ಮೊದಲಾದ ಕಡೆ ಹಂಚಿಹೋಗಿದ್ದವು. ಒಂದು ಭಾಗ 1880ರ ದಶಕದಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ವಸ್ತುಸಂಗ್ರಹಾಲಯವನ್ನು ಸೇರಿತ್ತು. ಹೀಗಿರುವಾಗ ಬೆಂಗಳೂರಿನ ವಿದ್ಯಾರ್ಥಿಗೆ ತನ್ನ ನಾಡಿನ ಹೊಳೆಯ ಮೀನನ್ನು ತನ್ನ ಕಾಲೇಜಿನಲ್ಲಿಯೇ ನೋಡುವ ಅವಕಾಶ ಸಿಗುವುದು ಸಣ್ಣ ಸಂಗತಿಯಾಗಿರಲಿಲ್ಲ.

ಮೀನುಗಳ ಅಧ್ಯಯನ

1920ರಲ್ಲಿ ನಾರಾಯಣ ರಾವ್ ಅವರು ಮೈಸೂರು ಪ್ರಾಂತದ ಮೀನುಗಳ ಹೊಸ ಪ್ರಭೇದಗಳನ್ನು ಕುರಿತ ಪ್ರಬಂಧವನ್ನು ಲಂಡನ್ನಿನ ಪ್ರಸಿದ್ಧ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಗೆಂಡೆ, ಕಟ್ಲಾ, ರೋಹು ಮೊದಲಾದವು ಸೇರುವ ದೊಡ್ಡ ಕುಟುಂಬಕ್ಕೆ ಸಂಬಂಧಿಸಿದ ಪ್ರಬಂಧವದು. ಅದರಲ್ಲಿ ಅವರು ವರ್ಣಿಸಿದ ಗಾರಾ ಬೈಕಾರ್ನ್ಯೂಟಾ ಎಂಬ ಮೀನು ಶಿವಮೊಗ್ಗದ ಬಳಿ ತುಂಗಾ ನದಿಯಲ್ಲಿ ದೊರೆತದ್ದು. ಗಾರಾ ಕುಲದ ಮೀನುಗಳು ಕೆಳತುಟಿಯ ಹಿಂದಿನ ಬಿಲ್ಲೆಯಂತಹ ಅಂಗದಿಂದ ಹರಿಯುವ ನೀರಿನ ಬಂಡೆಗಳಿಗೆ ಅಂಟಿಕೊಂಡು ಬದುಕುತ್ತವೆ. ಸದರಿ ಪ್ರಭೇದದ ಹೆಸರಿಗೆ ಎರಡು ಕೊಂಬುಳ್ಳದ್ದು ಎಂದು ಅರ್ಥ. ಮೂತಿಯ ಮೇಲಿನ ಕೊಂಬಿನಂತಹ ಉಬ್ಬುಗಳಿಂದ ಆ ಹೆಸರು ಬಂದಿದೆ. ಇಂದಿಗೂ ಅದೇ ಹೆಸರು ಬಳಕೆಯಲ್ಲಿದೆ.

ಕಲ್ಕತ್ತಾದಲ್ಲಿ 1916ರ ಜುಲೈ 1ರಂದು ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿ ಮೀನುಗಳ ಅಧ್ಯಯನದಲ್ಲಿ ಹೆಸರಾಂತರಾಗಿದ್ದ ಸುಂದರಲಾಲ್ ಹೋರಾ ಅವರು 1937ರಲ್ಲಿ ಮೈಸೂರು ಮತ್ತು ಕೊಡಗಿನ ಮೀನುಗಳ ಕುರಿತು ಬರೆಯುತ್ತಾ, ಕಾವೇರಿಯ ಒಂದು ಸಣ್ಣ ಗೆಂಡೆ ಜಾತಿಯ ಮೀನಿಗೆ ನಾರಾಯಣ ರಾವ್ ಅವರ ಗೌರವಾರ್ಥ ನಾರಾಯಣಿ ಎಂಬ ಪ್ರಭೇದನಾಮವನ್ನಿತ್ತರು. ಕಾಲೇಜಿನ ಅಧ್ಯಾಪಕರೊಬ್ಬರ ಹೆಸರು ಹೀಗೆ ಕಾವೇರಿಯ ಮೀನಿನೊಂದಿಗೆ ಶಾಶ್ವತವಾಗಿ ಸೇರಿಕೊಂಡಿತು.

ಮೂಲ ಮಾದರಿ ಎಂದರೇನು

ಹೊಸ ಪ್ರಭೇದವೊಂದನ್ನು ವಿಜ್ಞಾನಿ ವರ್ಣಿಸುವಾಗ ಒಂದು ನಿರ್ದಿಷ್ಟ ಪ್ರಾಣಿಯನ್ನು, ಅಥವಾ ಒಂದು ಸಣ್ಣ ಗುಂಪನ್ನು, ಆ ಹೆಸರಿನ ಆಧಾರವೆಂದು ಗೊತ್ತುಪಡಿಸುತ್ತಾನೆ. ಇದೇ ಮೂಲ ಮಾದರಿ. ಮುಂದೆ ಯಾವುದೇ ಸಂದೇಹ ಬಂದಲ್ಲಿ ಅಂತಿಮವಾಗಿ ನೋಡಬೇಕಾದದ್ದು ಬರಹವನ್ನಲ್ಲ, ಆ ಮಾದರಿಯನ್ನು. ಕಂದಾಯ ಕಚೇರಿಯಲ್ಲಿ ಮೂಲ ದಾಖಲೆಗೆ ಇರುವ ಸ್ಥಾನವೇ ಪ್ರಾಣಿಶಾಸ್ತ್ರದಲ್ಲಿ ಮೂಲ ಮಾದರಿಗೆ ಇದೆ. ನಕಲು ಎಷ್ಟೇ ಸ್ಪಷ್ಟವಾಗಿದ್ದರೂ ವಿವಾದ ಬಂದಾಗ ಮೂಲವನ್ನು ಹಾಜರುಪಡಿಸಬೇಕಾಗುತ್ತದೆ.

ಹೊಸ ಪ್ರಭೇದವಲ್ಲದ ಸಾಮಾನ್ಯ ಮಾದರಿಗೂ ಮಹತ್ವವಿದೆ. ಒಂದು ಕೆರೆಯಲ್ಲಿ ಇಂತಹ ಮೀನು ಇದೆ ಎಂದು ಯಾರಾದರೂ ಬರೆದರೆ ಅದಕ್ಕೆ ಪುರಾವೆಯಾಗಿ ಇರಿಸಿದ ಮೀನನ್ನು ವೋಚರ್ ಮಾದರಿ ಎನ್ನುತ್ತಾರೆ. ಲೆಕ್ಕಪತ್ರದಲ್ಲಿ ವೋಚರ್ ಇಲ್ಲದ ಬಾಬ್ತನ್ನು ಲೆಕ್ಕ ಪರಿಶೋಧಕರು ಒಪ್ಪುವುದಿಲ್ಲ. ಅದರಂತೆಯೇ ಮಾದರಿಯಿಲ್ಲದ ಹೆಸರನ್ನು ಮುಂದಿನ ವಿಜ್ಞಾನಿ ಪರಿಶೀಲಿಸಲಾಗುವುದಿಲ್ಲ. ಮಾದರಿ ಇದ್ದು ಅದು ಎಲ್ಲಿಂದ, ಯಾವಾಗ ಬಂದಿತೆಂಬ ವಿವರವಿಲ್ಲದಿದ್ದರೂ ಫಲ ಬಹುಮಟ್ಟಿಗೆ ಅದೇ.

ಮೀನಿನ ಮಾದರಿಗಳನ್ನು ಸಂರಕ್ಷಿಸಿ ದಾಖಲಿಸುವ ಕ್ರಮ

ಕಾಲೇಜುಗಳಲ್ಲಿ ಮೀನಿನ ಸಂಗ್ರಹವನ್ನು ಅಣಿಗೊಳಿಸಲು ಸಾಮಾನ್ಯವಾಗಿ ಅನುಸರಿಸುವ ಕ್ರಮ ಈ ಕೆಳಗಿನಂತಿದೆ.

1. ಸ್ಥಿರೀಕರಣ: ಮೀನನ್ನು ಫಾರ್ಮಲಿನ್ ದ್ರಾವಣದಲ್ಲಿ ಇರಿಸಲಾಗುತ್ತದೆ. ಅಂಗಡಿಯಲ್ಲಿ ದೊರೆಯುವ ಫಾರ್ಮಲಿನ್‌ನ ಒಂದು ಭಾಗಕ್ಕೆ ಒಂಬತ್ತು ಭಾಗ ನೀರು ಸೇರಿಸುವುದು ರೂಢಿ. ದೊಡ್ಡ ಮೀನಾದರೆ ದ್ರಾವಣ ಒಳಗೆ ಇಳಿಯುವಂತೆ ಹೊಟ್ಟೆಯ ಬಲಭಾಗದಲ್ಲಿ ಸೀಳುತ್ತಾರೆ. ಮೀನಿನ ಚಿತ್ರ ಮತ್ತು ಅಳತೆಗಳನ್ನು ಎಡಪಾರ್ಶ್ವದಿಂದ ತೆಗೆದುಕೊಳ್ಳುವ ಪದ್ಧತಿ ಇರುವುದರಿಂದ ಎಡಭಾಗವನ್ನು ಮುಟ್ಟುವುದಿಲ್ಲ. ಫಾರ್ಮಲಿನ್ ಜೀವಕೋಶಗಳನ್ನು ಗಟ್ಟಿಗೊಳಿಸುತ್ತದೆಂಬುದು 1893ರಲ್ಲಿ ಜರ್ಮನಿಯಲ್ಲಿ ತಿಳಿದುಬಂದಿತು.

2. ಬದಲಾವಣೆ: ಸ್ಥಿರೀಕರಣದ ಬಳಿಕ ಮೀನನ್ನು ನೀರಿನಲ್ಲಿ ತೊಳೆದು, ಶೇ. 70ರ ಮದ್ಯಸಾರಕ್ಕೆ ವರ್ಗಾಯಿಸಲಾಗುತ್ತದೆ. ಫಾರ್ಮಲಿನ್‌ನಲ್ಲಿಯೇ ಬಹುಕಾಲ ಉಳಿದರೆ ಅದು ಆಮ್ಲೀಯವಾಗಿ ಮೂಳೆಗಳು ಸವೆಯುತ್ತವೆ. ಬಣ್ಣ ಹೇಗಾದರೂ ಮಾಸುವುದರಿಂದ ಮೀನು ಜೀವಂತವಿದ್ದಾಗಿನ ಬಣ್ಣವನ್ನು ಬರೆದಿಟ್ಟುಕೊಳ್ಳಬೇಕು.

3. ಚೀಟಿ: ಸಂಗ್ರಹದ ಸ್ಥಳ, ದಿನಾಂಕ, ಸಂಗ್ರಹಿಸಿದವರ ಹೆಸರು ಮತ್ತು ಕ್ರಮಸಂಖ್ಯೆಯನ್ನು ಗಟ್ಟಿ ಕಾಗದದ ಮೇಲೆ ಪೆನ್ಸಿಲ್‌ನಿಂದ ಅಥವಾ ಅಳಿಸದ ಮಸಿಯಿಂದ ಬರೆದು ಜಾಡಿಯ ಒಳಗೇ ಹಾಕಬೇಕು. ಹೊರಗೆ ಅಂಟಿಸಿದ ಚೀಟಿ ಉದುರಿಹೋಗುತ್ತದೆ, ಹುಳು ತಿನ್ನುತ್ತದೆ. ಸಾಮಾನ್ಯ ಪೆನ್ನಿನ ಮಸಿ ಮದ್ಯಸಾರದಲ್ಲಿ ಕರಗುತ್ತದೆ.

4. ದಾಖಲಾತಿ ವಹಿ: ಪ್ರತಿ ಜಾಡಿಗೂ ಒಂದು ಸಂಖ್ಯೆ, ಪ್ರತಿ ಸಂಖ್ಯೆಗೂ ವಹಿಯಲ್ಲಿ ಒಂದು ಸಾಲು. ಮೀನಿನ ವೈಜ್ಞಾನಿಕ ಹೆಸರು, ಸ್ಥಳೀಯ ಹೆಸರು, ಮೀನುಗಳ ಸಂಖ್ಯೆ, ಉದ್ದ, ಗುರುತಿಸಿದವರ ಹೆಸರು ಹಾಗೂ ಜಾಡಿ ಇರುವ ಕಪಾಟಿನ ಸಂಖ್ಯೆಯನ್ನು ನಮೂದಿಸಬೇಕು. ಒಮ್ಮೆ ಕೊಟ್ಟ ಸಂಖ್ಯೆಯನ್ನು ಮತ್ತೊಂದು ಮಾದರಿಗೆ ಕೊಡಬಾರದು. ಹೆಸರನ್ನು ತಿದ್ದಬೇಕಾದಲ್ಲಿ ಹಳೆಯದನ್ನು ಅಳಿಸದೆ ಹೊಸದನ್ನು ದಿನಾಂಕ ಸಹಿತ ಸೇರಿಸಬೇಕು.

5. ವಾರ್ಷಿಕ ತಪಾಸಣೆ: ಮದ್ಯಸಾರ ಆವಿಯಾಗುತ್ತದೆ. ಮುಚ್ಚಳ ಸಡಿಲವಾದ ಜಾಡಿ ಒಣಗಿದರೆ ಅದರೊಳಗಿನ ಮೀನು ಮತ್ತೆ ಸರಿಹೋಗುವುದಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಪ್ರತಿ ಜಾಡಿಯನ್ನೂ ವಹಿಯೊಂದಿಗೆ ತಾಳೆ ನೋಡಿ, ಕಡಿಮೆಯಾದ ದ್ರಾವಣವನ್ನು ತುಂಬಬೇಕು.

ಫಾರ್ಮಲಿನ್ ಕಣ್ಣು ಮತ್ತು ಶ್ವಾಸಕೋಶಗಳಿಗೆ ಹಾನಿಕರ. ಅದರಲ್ಲಿನ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು 2004ರಲ್ಲಿ ನಿರ್ಧರಿಸಿದೆ. ಆದ್ದರಿಂದ ಈ ಕೆಲಸವನ್ನು ಗಾಳಿಯಾಡುವ ಕೊಠಡಿಯಲ್ಲಿ, ಕೈಗವಸು ಧರಿಸಿ ಮಾಡತಕ್ಕದ್ದು.

ಕಪ್ಪೆಗಳ ಅಧ್ಯಯನ ಮತ್ತು 1937ರ ಪ್ರಬಂಧ

ಮೀನುಗಳ ಜೊತೆಗೆ ನಾರಾಯಣ ರಾವ್ ಅವರ ಆಸಕ್ತಿ ಕಪ್ಪೆಗಳ ಕಡೆಗೂ ಹರಿದಿತ್ತು. ಮೀನನ್ನು ಸಂರಕ್ಷಿಸುವ ಹಾಗೂ ದಾಖಲಿಸುವ ಮೇಲ್ಕಂಡ ಕ್ರಮವೇ ಅಲ್ಪಸ್ವಲ್ಪ ವ್ಯತ್ಯಾಸದೊಂದಿಗೆ ಕಪ್ಪೆಗಳಿಗೂ ಅನ್ವಯಿಸುತ್ತದೆ. 1920ರಲ್ಲಿ ಅವರು ಕೊಡಗಿನ ಬ್ರಹ್ಮಗಿರಿಯ ಕಾವೇರಿ ಮೂಲದ ಪವಿತ್ರ ಜೌಗುಪ್ರದೇಶದಿಂದ ದೊರೆತ ಕಪ್ಪೆಯೊಂದನ್ನು ವರ್ಣಿಸಿ, ಪವಿತ್ರ ಜೌಗಿನದು ಎಂಬ ಅರ್ಥದ ಲ್ಯಾಟಿನ್ ಹೆಸರನ್ನಿಟ್ಟರು. 1925ರಲ್ಲಿ ರಾಮಣ್ಣ ಎಂಬವರೊಂದಿಗೆ ಸೇರಿ ರಾಮನೆಲ್ಲಾ ಎಂಬ ಹೊಸ ಕುಲವನ್ನೇ ಸ್ಥಾಪಿಸಿದರು. ಕಾಡುಪಾಪದ ಅಂಡಾಶಯದ ರಚನೆಯ ಕುರಿತೂ ಅವರು ಸಂಶೋಧನೆ ನಡೆಸಿದ್ದುಂಟು.

ನಿವೃತ್ತಿಯ ವರ್ಷವಾದ 1937ರಲ್ಲಿ, ಅವರ ಬಹುಕಾಲದ ಪರಿಶ್ರಮದ ಫಲವೆನ್ನಬಹುದಾದ ಪ್ರಬಂಧವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಪ್ರಕಟಿಸಿತು. ಸುಮಾರು ನಲವತ್ತು ಪುಟಗಳ ಆ ಪ್ರಬಂಧದಲ್ಲಿ ದಕ್ಷಿಣ ಭಾರತದ ಕಪ್ಪೆಗಳ ಹಲವು ಹೊಸ ರೂಪಗಳನ್ನು ವರ್ಣಿಸಲಾಯಿತು. ಸಕಲೇಶಪುರದ ಕಡೆಯ ಕೆಂಪುಹೊಳೆ, ಮೂಡಿಗೆರೆಯ ಕೊಟ್ಟಿಗೆಹಾರ ಮೊದಲಾದ ಸ್ಥಳಗಳ ಹೆಸರುಗಳು ಆ ಕಪ್ಪೆಗಳ ಮೂಲಕ ಜಗತ್ತಿನ ವಿಜ್ಞಾನ ಗ್ರಂಥಗಳನ್ನು ಪ್ರವೇಶಿಸಿದವು. ಈ ಪ್ರಬಂಧದ ಆಧಾರವಾದ ಮೂಲ ಮಾದರಿಗಳನ್ನು ಸೆಂಟ್ರಲ್ ಕಾಲೇಜಿನಲ್ಲಿ ಇರಿಸಲಾಯಿತು.

ಮೂಲ ಮಾದರಿಗಳ ನಷ್ಟ

ನಾರಾಯಣ ರಾವ್ ಅವರು 1960ರ ಜನವರಿಯಲ್ಲಿ ನಿಧನರಾದರು. ಅವರ ಬಳಿಕ ಬಂದ ವಿಜ್ಞಾನಿಗಳು ಅವರ ಕಪ್ಪೆಗಳನ್ನು ಮರುಪರಿಶೀಲಿಸಲು ಹೊರಟಾಗ ಮೂಲ ಮಾದರಿಗಳು ದೊರೆಯಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿದ್ದ ಈ ಮಾದರಿಗಳು ಕಳೆದುಹೋಗಿವೆಯೆಂದು ಫ್ರಾನ್ಸ್ ದೇಶದ ತಜ್ಞ ಅಲೈನ್ ದ್ಯುಬ್ವಾ ಅವರು 1984ರಲ್ಲಿ ಬರೆದರು. ಜಗತ್ತಿನ ಉಭಯವಾಸಿಗಳ ಪಟ್ಟಿಗಳಲ್ಲಿ ನಾರಾಯಣ ರಾವ್ ಅವರ ಹಲವು ಪ್ರಭೇದಗಳ ಮುಂದೆ ಮೂಲ ಮಾದರಿ ಕಳೆದುಹೋಗಿದೆ ಎಂಬ ಷರಾ ಇದೆ.

ಇದರ ಪರಿಣಾಮ ಕೇವಲ ಭಾವನಾತ್ಮಕವಾದುದಲ್ಲ. ಮಲೆನಾಡಿನ ಕಪ್ಪೆಗಳಲ್ಲಿ ನೋಡಲು ಒಂದೇ ತೆರನಾಗಿರುವ ಪ್ರಭೇದಗಳು ಅನೇಕ. ಮೂಲ ಮಾದರಿ ಇಲ್ಲದಿರುವಾಗ 1937ರ ಒಂದು ಹೆಸರು ಯಾವ ಕಪ್ಪೆಗೆ ಸೇರಿದ್ದೆಂದು ನಿಶ್ಚಯಿಸುವುದು ಕಷ್ಟವಾಯಿತು. ಹೆಸರು ನಿಶ್ಚಯವಾಗದ ಪ್ರಾಣಿ ಎಷ್ಟಿದೆ, ಎಲ್ಲಿದೆ, ಅಳಿವಿನ ಅಂಚಿನಲ್ಲಿದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. ಅದರ ರಕ್ಷಣೆಗೆ ಯೋಜನೆ ರೂಪಿಸುವುದೂ ಸಾಧ್ಯವಾಗುವುದಿಲ್ಲ. ಒಂದು ಕೊಠಡಿಯ ಜಾಡಿಗಳು ಇಲ್ಲವಾದದ್ದರಿಂದ ಪಶ್ಚಿಮ ಘಟ್ಟದ ಕಪ್ಪೆಗಳ ಲೆಕ್ಕವೇ ದಶಕಗಳ ಕಾಲ ಅಪೂರ್ಣವಾಗಿ ಉಳಿಯಿತು.

ಇಂತಹ ನಷ್ಟ ದೊಡ್ಡ ಸಂಸ್ಥೆಗಳಿಗೂ ಆಗಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಸಂಗ್ರಹವನ್ನು ಸುರಕ್ಷತೆಯ ದೃಷ್ಟಿಯಿಂದ ಕಲ್ಕತ್ತಾದಿಂದ ಕಾಶಿಗೆ ಸಾಗಿಸಲಾಗಿತ್ತು. 1943ರಲ್ಲಿ ಅಲ್ಲಿ ವರುಣಾ ನದಿ ಉಕ್ಕಿ ಹರಿದು ಅನೇಕ ಮಾದರಿಗಳು ಹಾಳಾದವು. ಪ್ರವಾಹ ಬಂದಾಗ ಹಾನಿ ಕಣ್ಣಿಗೆ ಕಾಣುತ್ತದೆ. ಕಾಲೇಜಿನ ಸಂಗ್ರಹದ ಹಾನಿ ಹಾಗಲ್ಲ. ಅದು ಸದ್ದಿಲ್ಲದೆ ನಡೆಯುತ್ತದೆ. ಅಧ್ಯಾಪಕರು ನಿವೃತ್ತರಾಗುತ್ತಾರೆ, ವಿಭಾಗಗಳು ಸ್ಥಳಾಂತರಗೊಳ್ಳುತ್ತವೆ, ಸಂಸ್ಥೆಯ ಆಡಳಿತ ಬದಲಾಗುತ್ತದೆ. ಕಚೇರಿಯಲ್ಲಿ ಅಧಿಕಾರಿಯೊಬ್ಬರು ನಿರ್ಗಮಿಸುವಾಗ ಪೀಠೋಪಕರಣ, ಕಡತ, ನಗದು ಎಲ್ಲದಕ್ಕೂ ಪ್ರಭಾರ ಪಟ್ಟಿ ತಯಾರಾಗಿ ಇಬ್ಬರೂ ಸಹಿ ಮಾಡುತ್ತಾರೆ. ಮಾದರಿಗಳ ಕಪಾಟಿಗೂ ಅಂತಹ ಪಟ್ಟಿ ಇರಲೇಬೇಕು. ಪಟ್ಟಿ ಇಲ್ಲದಿದ್ದರೆ ಏನು ಹೋಯಿತೆಂದು ತಿಳಿಯುವುದಕ್ಕೂ ದಾರಿ ಇರುವುದಿಲ್ಲ.

ಹೆಸರುಗಳ ಮರುಶೋಧ

ಮೂಲ ಮಾದರಿ ಕಳೆದುಹೋದಾಗ ಏನು ಮಾಡಬೇಕೆಂಬುದಕ್ಕೆ ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ ಅವಕಾಶವಿದೆ. ಹೆಸರಿನ ಬಗ್ಗೆ ನಿಜವಾದ ಗೊಂದಲವಿದ್ದಲ್ಲಿ, ಸಾಧ್ಯವಾದಷ್ಟೂ ಮೂಲ ಸ್ಥಳದ ಸಮೀಪದಿಂದ ದೊರೆತ, ಮೂಲ ವರ್ಣನೆಗೆ ಹೊಂದುವ ಹೊಸ ಪ್ರಾಣಿಯನ್ನು ಬದಲಿ ಮೂಲ ಮಾದರಿಯೆಂದು ಗೊತ್ತುಪಡಿಸಬಹುದು. ನಾರಾಯಣ ರಾವ್ ಅವರ ಕೆಲವು ಕಪ್ಪೆಗಳಿಗೆ ಇತ್ತೀಚಿನ ವರ್ಷಗಳಲ್ಲಿ ಹೀಗೆಯೇ ಮಾಡಬೇಕಾಯಿತು. ವಿಜ್ಞಾನಿಗಳು 1937ರ ಪ್ರಬಂಧವನ್ನು ಕೈಯಲ್ಲಿ ಹಿಡಿದು, ಮಳೆಗಾಲದ ರಾತ್ರಿಗಳಲ್ಲಿ ಘಟ್ಟದ ಹಳ್ಳಕೊಳ್ಳಗಳಲ್ಲಿ ಅದೇ ಕಪ್ಪೆಗಳನ್ನು ಹುಡುಕಿದರು.

ಭಾರತದಲ್ಲಿ ಕಣ್ಮರೆಯಾಗಿವೆಯೆಂದು ಭಾವಿಸಲಾದ ಕಪ್ಪೆಗಳನ್ನು ಹುಡುಕುವ ಅಭಿಯಾನವೊಂದು 2010ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಪ್ರೊ. ಎಸ್.ಡಿ. ಬಿಜು ಅವರ ನೇತೃತ್ವದಲ್ಲಿ ಆರಂಭವಾಯಿತು. 2011ರಲ್ಲಿ ಪ್ರಕಟವಾದ ಅದರ ಮೊದಲ ಫಲಿತಾಂಶದಲ್ಲಿ ಐದು ಕಪ್ಪೆಗಳು ಪತ್ತೆಯಾದ ಸುದ್ದಿಯಿತ್ತು. ಅವುಗಳಲ್ಲಿ ಎರಡು, ಎಂದರೆ ಮೈಕ್ರಿಕ್ಸಾಲಸ್ ಎಲಿಗನ್ಸ್ ಎಂಬ ತೊರೆಕಪ್ಪೆ ಮತ್ತು ಆನಮಲೈ ಚುಕ್ಕೆಕಪ್ಪೆ, ನಾರಾಯಣ ರಾವ್ ಅವರು 1937ರಲ್ಲಿ ವರ್ಣಿಸಿದವು. ಎಪ್ಪತ್ತಮೂರು ವರ್ಷಗಳ ಬಳಿಕ ಅವು ಮತ್ತೆ ಕಂಡುಬಂದವು. ಮಾದರಿಗಳು ಇಲ್ಲವಾದರೂ ಅವರ ಬರಹದಲ್ಲಿ ಸ್ಥಳದ ಹೆಸರು ಮತ್ತು ದೇಹದ ಲಕ್ಷಣಗಳು ಸ್ಪಷ್ಟವಾಗಿ ದಾಖಲಾಗಿದ್ದುದೇ ಹುಡುಕಾಟಕ್ಕೆ ದಾರಿಯಾಯಿತು. ಆದರೆ ಜಾಡಿಗಳು ಉಳಿದಿದ್ದಲ್ಲಿ ಕಪಾಟಿನ ಬಾಗಿಲು ತೆರೆದು ತಿಳಿಯಬಹುದಾಗಿದ್ದ ಎಷ್ಟೋ ಸಂಗತಿಗಳಿಗೆ ಕಾಡು ಸುತ್ತಬೇಕಾಯಿತು.

2010ರಲ್ಲಿಯೇ ಬಿಜು ಮತ್ತು ಅವರ ಸಹೋದ್ಯೋಗಿಗಳು ಪಶ್ಚಿಮ ಘಟ್ಟದ ಪೊದೆಗಪ್ಪೆಗಳ ಒಂದು ಹೊಸ ಕುಲವನ್ನು ಸ್ಥಾಪಿಸಿ, ನಾರಾಯಣ ರಾವ್ ಅವರ ಗೌರವಾರ್ಥ ಅದಕ್ಕೆ ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟರು. ಕೊಟ್ಟಿಗೆಹಾರದಿಂದ ಅವರೇ ವರ್ಣಿಸಿದ್ದ ಒಂದು ಸಣ್ಣ ಪೊದೆಗಪ್ಪೆಯೂ ಈಗ ಈ ಕುಲದಲ್ಲಿದೆ.

ಪತ್ರಿಕೆ ಮತ್ತು ಶಿಷ್ಯರು

1932ರ ಜುಲೈನಲ್ಲಿ ಬೆಂಗಳೂರಿನಿಂದ ಕರೆಂಟ್ ಸೈನ್ಸ್ ಪತ್ರಿಕೆ ಆರಂಭವಾದಾಗ ಅದರ ಸಂಪಾದಕತ್ವವನ್ನು ನಾರಾಯಣ ರಾವ್ ಅವರು ವಹಿಸಿಕೊಂಡರು. ಭಾರತೀಯ ವಿಜ್ಞಾನಿಗಳು ತಮ್ಮ ಶೋಧಗಳನ್ನು ಶೀಘ್ರವಾಗಿ ಪ್ರಕಟಿಸಲು ವಿದೇಶಗಳ ಪತ್ರಿಕೆಗಳನ್ನೇ ನೆಚ್ಚಿಕೊಳ್ಳಬೇಕಾಗಿದ್ದ ಕಾಲವದು. ಈ ಪತ್ರಿಕೆ ಆ ಕೊರತೆಯನ್ನು ನೀಗಿಸಿತು; ಈಗಲೂ ಪ್ರಕಟವಾಗುತ್ತಿದೆ. 1934ರಲ್ಲಿ ಸರ್ ಸಿ.ವಿ. ರಾಮನ್ ಅವರು ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದಾಗ ನಾರಾಯಣ ರಾವ್ ಅವರು ಅದೇ ವರ್ಷ ಅದರ ಫೆಲೋ ಆದರು.

ಅವರ ಶಿಷ್ಯರಲ್ಲಿ ಎಲ್.ಎಸ್. ರಾಮಸ್ವಾಮಿ ಮತ್ತು ಬಿ.ಆರ್. ಶೇಷಾಚಾರ್ ಅವರು ಪ್ರಮುಖರು. ಕಾಲಿಲ್ಲದ ಉಭಯವಾಸಿಗಳ ಅಧ್ಯಯನಕ್ಕೆ ಹೆಸರಾದ ಶೇಷಾಚಾರ್ ಅವರು ಮುಂದೆ ದೆಹಲಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ರಾಮಸ್ವಾಮಿ ಅವರು ಬಿ.ಐ. ಸುಂದರರಾಜ್ ಅವರೊಂದಿಗೆ 1956ರಲ್ಲಿ, ಹಾರ್ಮೋನ್ ಚುಚ್ಚುಮದ್ದಿನಿಂದ ಚೇಳುಮೀನಿನಲ್ಲಿ ಮೊಟ್ಟೆಯಿಡಿಸುವ ಪ್ರಯೋಗದ ವರದಿಯನ್ನು ಅಮೆರಿಕದ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದು ಕೆರೆಗಳಿಗೆ ಬಿತ್ತುವ ಮೀನುಮರಿಗಳ ಉತ್ಪಾದನೆ ಇದೇ ಬಗೆಯ ಪ್ರಚೋದಿತ ತಳಿ ಉತ್ಪಾದನೆಯ ಮೇಲೆ ನಿಂತಿದೆ. ಪ್ರಾಣಿಯನ್ನು ಸರಿಯಾಗಿ ಗುರುತಿಸುವ ಶಿಸ್ತು ಮುಂದೆ ರೈತರಿಗೂ ಮೀನುಗಾರರಿಗೂ ಹೇಗೆ ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ಚಿಕ್ಕಬಳ್ಳಾಪುರ ಜಿಲ್ಲೆಗೆ ಈ ವಿಷಯದ ಪ್ರಸ್ತುತತೆ

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರಚನೆಯಾದ ಚಿಕ್ಕಬಳ್ಳಾಪುರ ಜಿಲ್ಲೆ ಕೆರೆಗಳ ಜಿಲ್ಲೆ. ನಂದಿ ಬೆಟ್ಟದ ಸುತ್ತಲಿನ ಸಾಲುಗಳಲ್ಲಿ ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಘ್ನಿ ಮೊದಲಾದ ನದಿಗಳು ಹುಟ್ಟುತ್ತವೆ. ಚಿಂತಾಮಣಿ ತಾಲ್ಲೂಕಿನ ಕೈವಾರ ಬೆಟ್ಟದ ತಪ್ಪಲಿನಿಂದ ಹಿಡಿದು ಶಿಡ್ಲಘಟ್ಟ, ಗೌರಿಬಿದನೂರುಗಳವರೆಗೆ ಕೆರೆಗಳು ತುಂಬ ವರ್ಷ ಒಣಗಿ, ಒಳ್ಳೆಯ ಮಳೆಯಾದ ವರ್ಷ ತುಂಬುತ್ತವೆ. ಬಿತ್ತನೆ ಮಾಡಿದ ಕಟ್ಲಾ, ರೋಹು, ಮೃಗಾಲ್‌ಗಳ ಜೊತೆಗೆ ಸ್ಥಳೀಯವಾದ ಗೆಂಡೆ, ಕೊರವ, ಚೇಳುಮೀನುಗಳೂ ಇಂತಹ ನೀರಿನಲ್ಲಿ ಬದುಕುತ್ತವೆ. ಒಂದು ಕೆರೆಯಲ್ಲಿ ಮೂವತ್ತು ವರ್ಷಗಳ ಹಿಂದೆ ಯಾವ ಮೀನಿತ್ತು, ಈಗ ಯಾವುದಿಲ್ಲ ಎಂಬುದಕ್ಕೆ ಹಿರಿಯರ ನೆನಪಿನ ಜೊತೆಗೆ ಆಧಾರವಾಗಿ ನಿಲ್ಲಬಲ್ಲದ್ದು ದಿನಾಂಕವಿರುವ ಚೀಟಿಯೊಂದಿಗೆ ಕಾಲೇಜಿನಲ್ಲಿ ಉಳಿದ ಮಾದರಿಯೇ.

ಪ್ರಾಣಿಶಾಸ್ತ್ರ ತರಗತಿಗಳಲ್ಲಿ ಪ್ರಾಣಿ ಛೇದನವನ್ನು ಕಡಿಮೆ ಮಾಡುವಂತೆ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2011ರಲ್ಲಿ ಮಾರ್ಗಸೂಚಿ ನೀಡಿ, 2014ರಲ್ಲಿ ಅದನ್ನು ಸಂಪೂರ್ಣ ಕೈಬಿಡುವಂತೆ ಸೂಚಿಸಿತು. ಇದರಿಂದ ಹಳೆಯ ಜಾಡಿಗಳು ನಿರುಪಯುಕ್ತವಾದವೆಂದು ಭಾವಿಸುವುದು ಸರಿಯಲ್ಲ. ಹೊಸದಾಗಿ ಪ್ರಾಣಿಗಳನ್ನು ಕೊಲ್ಲದೆ ಕಲಿಯಬೇಕಾದ ಈ ಕಾಲದಲ್ಲಿ ಈಗಾಗಲೇ ಇರುವ ಮಾದರಿಗಳ ಬೆಲೆ ಹೆಚ್ಚಿದೆ.

ಸಾರ್ವಜನಿಕರ ಹಾಗೂ ಶಿಕ್ಷಣ ಸಂಸ್ಥೆಗಳ ಮಾಹಿತಿಗಾಗಿ

1. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಅನುಸೂಚಿಗಳಲ್ಲಿರುವ ಪ್ರಾಣಿಗಳನ್ನು ಶಿಕ್ಷಣ ಅಥವಾ ವೈಜ್ಞಾನಿಕ ಸಂಶೋಧನೆಯ ಉದ್ದೇಶಕ್ಕೂ ಪೂರ್ವಾನುಮತಿ ಇಲ್ಲದೆ ಹಿಡಿಯುವಂತಿಲ್ಲ. ಅಭಯಾರಣ್ಯದೊಳಗೆ ಅಧ್ಯಯನ ಕೈಗೊಳ್ಳಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಅಗತ್ಯ.

2. ಜೈವಿಕ ವೈವಿಧ್ಯ ಅಧಿನಿಯಮ, 2002ರ 39ನೇ ಪ್ರಕರಣದ ಪ್ರಕಾರ, ಯಾವುದೇ ವ್ಯಕ್ತಿ ಹೊಸ ಪ್ರಭೇದವನ್ನು ಕಂಡುಹಿಡಿದಲ್ಲಿ ಗೊತ್ತುಪಡಿಸಿದ ಭಂಡಾರ ಸಂಸ್ಥೆಗೆ ತಿಳಿಸಿ, ಅದರ ವೋಚರ್ ಮಾದರಿಯನ್ನು ಅಲ್ಲಿ ಒಪ್ಪಿಸತಕ್ಕದ್ದು. ನಾರಾಯಣ ರಾವ್ ಅವರ ಕಾಲದಲ್ಲಿ ಇಂತಹ ಕಾನೂನು ಇರಲಿಲ್ಲ.

3. ಅದೇ ಅಧಿನಿಯಮದಡಿ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಿ, ಆ ವ್ಯಾಪ್ತಿಯ ಸಸ್ಯ, ಪ್ರಾಣಿಗಳ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕಾಗಿದೆ. ಕೆರೆಯ ಮೀನುಗಳನ್ನು ನಮೂದಿಸುವಾಗ ಸಮೀಪದ ಕಾಲೇಜಿನ ಮಾದರಿಗಳೊಂದಿಗೆ ತಾಳೆ ನೋಡಿದರೆ ಹೆಸರಿನ ತಪ್ಪುಗಳು ತಪ್ಪುತ್ತವೆ.

4. ಕಾಲೇಜಿನ ಹಳೆಯ ಜಾಡಿಗಳನ್ನು ವಿಲೇವಾರಿ ಮಾಡುವ ಮುನ್ನ ಚೀಟಿ ಮತ್ತು ವಹಿಗಳನ್ನು ವಿಷಯ ತಜ್ಞರಿಂದ ಪರಿಶೀಲಿಸುವುದು ಸೂಕ್ತ. ಚೀಟಿ ಇರುವ ಒಂದು ಸಾಮಾನ್ಯ ಮೀನು, ಚೀಟಿ ಇಲ್ಲದ ಅಪರೂಪದ ಮೀನಿಗಿಂತ ಹೆಚ್ಚು ಉಪಯುಕ್ತ.

5. ದಾಖಲಾತಿ ವಹಿಯ ಒಂದು ಪ್ರತಿಯನ್ನು ವಿಭಾಗದಲ್ಲಿಯೂ ಮತ್ತೊಂದನ್ನು ಕಾಲೇಜಿನ ಕಚೇರಿ ಅಥವಾ ಗ್ರಂಥಾಲಯದಲ್ಲಿಯೂ ಇರಿಸುವುದು ಒಳಿತು. ವಿಭಾಗದ ಮುಖ್ಯಸ್ಥರು ಬದಲಾದಾಗ ಈ ವಹಿಯನ್ನು ಪ್ರಭಾರ ಪಟ್ಟಿಯಲ್ಲಿ ಸೇರಿಸತಕ್ಕದ್ದು.

ನಾರಾಯಣ ರಾವ್ ಅವರು ಕಾಲೇಜು ಅಧ್ಯಾಪಕರಾಗಿದ್ದುಕೊಂಡೇ ನಾಡಿನ ಹೊಳೆ, ಹಳ್ಳಗಳ ಜೀವಿಗಳನ್ನು ಜಗತ್ತಿಗೆ ಪರಿಚಯಿಸಿದರು. ತುಂಗೆಯ ಕೊಂಬಿನ ಮೀನು, ಕಾವೇರಿಯ ನಾರಾಯಣಿ ಹಾಗೂ ಘಟ್ಟದ ಪೊದೆಗಪ್ಪೆಗಳ ಕುಲ ಅವರ ಸ್ಮಾರಕಗಳಾಗಿ ಉಳಿದಿವೆ. ಅವರ ಕಳೆದುಹೋದ ಜಾಡಿಗಳು ಮರಳಿ ಬರುವುದಿಲ್ಲ. ರಾಜ್ಯದ ಕಾಲೇಜುಗಳ ಕಪಾಟುಗಳಲ್ಲಿ ಇಂದು ಉಳಿದಿರುವ ಜಾಡಿಗಳಿಗೆ ಸಂಖ್ಯೆ, ಚೀಟಿ ಮತ್ತು ವಹಿಯ ಸಾಲನ್ನು ಒದಗಿಸುವುದು ಮಾತ್ರ ಈಗಲೂ ಸಾಧ್ಯವಿರುವ ಕೆಲಸ.